ಅವ್ವನ ಹೆಸರಿನ ಮುಂದೆ ‘ಎಸ್’ ಅಕ್ಷರ: ಮತದಾರರ ಪಟ್ಟಿಯಿಂದ ಹೆಸರು ಹೋದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: “ನಮ್ಮದು ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ 68 ವರ್ಷ. ಕಣ್ಣಿನ ಆಪರೇಷನ್ ಆದ ಮೇಲೆ ಮೂರು ತಿಂಗಳು ಸೊಲ್ಲಾಪುರದಲ್ಲಿ ಅಕ್ಕನ ಮನೆಯಲ್ಲಿದ್ದಳು. ಕಳೆದ ವಾರ ಪಂಚಾಯಿತಿಯಲ್ಲಿ ಪಟ್ಟಿ ನೋಡಿದರೆ ಅವಳ ಹೆಸರಿನ ಮುಂದೆ ‘ಎಸ್’ ಎಂಬ ಅಕ್ಷರ ಇದೆ, ಹೆಸರಿನ ಮೇಲೆ ಅಳಿಸಲಾಗಿದೆ ಎಂದು ಅಡ್ಡಲಾಗಿ ಬರೆದಿದೆ. ನೋಟಿಸ್ ಬಂದಿಲ್ಲ, ಯಾರೂ ಕೇಳಿಲ್ಲ. ತಮ್ಮ ಮತ್ತು ಅವನ ಹೆಂಡತಿ ವರ್ಷದಲ್ಲಿ ಏಳೆಂಟು ತಿಂಗಳು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಅವರ ಹೆಸರೂ ಮುಂದಿನ ಸಲ ಹೋಗುತ್ತದೆ ಎಂದು ಓಣಿಯಲ್ಲಿ ಮಾತಾಡುತ್ತಿದ್ದಾರೆ. ಎಲ್ಲರದ್ದೂ ಹೊಸದಾಗಿ ಫಾರಂ ಆರು ತುಂಬಿಬಿಡಿ, ಸೇಫ್ ಇರುತ್ತದೆ ಎಂದು ಒಬ್ಬರು ಹೇಳಿದರು. ಹೆಸರಿಲ್ಲದಿದ್ದರೂ 49ಎ ಪ್ರಕಾರ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಹಾಕಬಹುದು ಎಂಬ ವಾಟ್ಸ್ಆ್ಯಪ್ ಸಂದೇಶವೂ ಬಂದಿದೆ. ಅವ್ವನ ಹೆಸರು ತೆಗೆದವರು ಯಾರು? ಹೀಗೆ ತೆಗೆಯಬಹುದೇ? ಚುನಾವಣೆಗೆ ಮುಂಚೆ ವಾಪಸ್ ಬರುತ್ತದೆಯೇ?”

ಉತ್ತರ:

ಮೊದಲು ಆ ವಾಟ್ಸ್ಆ್ಯಪ್ ಸಂದೇಶದ ವಿಷಯ ಮುಗಿಸೋಣ, ಏಕೆಂದರೆ ಅದನ್ನು ನಂಬಿ ಸುಮ್ಮನೆ ಕೂತರೆ ನಿಮ್ಮ ತಾಯಿಯವರ ಮತ ಖಂಡಿತ ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಮತ ಹಾಕುವಂತಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 62ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಆಧಾರ್ ಇರಲಿ, ಕೈಯಲ್ಲಿ ವೋಟರ್ ಕಾರ್ಡೇ ಇರಲಿ, ಮತಗಟ್ಟೆಯ ಪ್ರತಿಯಲ್ಲಿ ಹೆಸರಿಲ್ಲ ಎಂದರೆ ಅಲ್ಲಿನ ಅಧಿಕಾರಿ ಏನೂ ಮಾಡಲಾರರು. ಸಂದೇಶದಲ್ಲಿರುವ ‘49ಎ’ 1961ರ ಚುನಾವಣಾ ನಿಯಮಗಳಲ್ಲಿದೆ, ಆದರೆ ಅದು ಮತಯಂತ್ರ ಹೇಗಿರಬೇಕು ಎಂಬುದನ್ನು ಹೇಳುವ ನಿಯಮ. ಚಾಲೆಂಜ್ ಎಂಬುದು 49ಜೆ. ಪಟ್ಟಿಯಲ್ಲಿ ಹೆಸರಿದ್ದು ಮತ ಹಾಕಲು ಬಂದ ವ್ಯಕ್ತಿ ನಿಜವಾಗಿ ಅವರೇ ಹೌದೋ ಅಲ್ಲವೋ ಎಂದು ಪಕ್ಷದ ಏಜೆಂಟ್ ಎರಡು ರೂಪಾಯಿ ಕಟ್ಟಿ ಆಕ್ಷೇಪ ಎತ್ತುವ ವಿಧಾನ ಅದು. ಟೆಂಡರ್ ಮತ 49ಪಿ. ಅದು ನಿಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿ ಹೋಗಿದ್ದರೆ ಸಿಗುವ ಕಾಗದದ ಮತಪತ್ರ. ಈ ಎರಡಕ್ಕೂ ಹೆಸರು ಪಟ್ಟಿಯಲ್ಲಿ ಇರಲೇಬೇಕು. ಒಂದು ಬೂತಿನಲ್ಲಿ ಶೇ 14ರಷ್ಟು ಟೆಂಡರ್ ಮತ ಬಿದ್ದರೆ ಮರುಮತದಾನ ಎಂಬ ಮಾತೂ ಅದೇ ಸಂದೇಶದಲ್ಲಿ ಸುತ್ತುತ್ತದೆ. ಅಂಥ ನಿಯಮ ಎಲ್ಲಿಯೂ ಇಲ್ಲ.

ಹಾಗಾಗಿ ಮಾಡಬೇಕಾದ್ದೆಲ್ಲ ಮತದಾನದ ದಿನಕ್ಕೆ ಮುಂಚೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕೆ ಮುಂಚೆ ಆಗಬೇಕು. 1950ರ ಜನಪ್ರಾತಿನಿಧ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ದಿನ ಮುಗಿದ ಮೇಲೆ ಚುನಾವಣೆ ಪೂರ್ಣವಾಗುವವರೆಗೆ ಆ ಕ್ಷೇತ್ರದ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತೆಯೂ ಇಲ್ಲ. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು ಎಂಬ ನಿಯಮವೂ ಇರುವುದರಿಂದ, ಕೊನೆಯ ದಿನಕ್ಕಿಂತ ಹತ್ತು ದಿನ ಮುಂಚೆ ಕೊಟ್ಟ ಅರ್ಜಿಗಷ್ಟೇ ಭರವಸೆ ಇಟ್ಟುಕೊಳ್ಳಬಹುದು. ಚುನಾವಣೆ ಘೋಷಣೆಯಾದ ಮೇಲೆ ನೋಡೋಣ ಎಂದುಕೊಂಡರೆ ಕೈಯಲ್ಲಿ ಉಳಿಯುವುದು ಕೆಲವೇ ದಿನ.

ಆ ‘ಎಸ್’ ಏನು ಹೇಳುತ್ತದೆ

ಪಟ್ಟಿಯ ಪಿಡಿಎಫ್‌ನಲ್ಲಿ ಪ್ರತಿ ಮತದಾರರಿಗೂ ಒಂದು ಚಿಕ್ಕ ಚೌಕ ಇರುತ್ತದೆ. ಕ್ರಮ ಸಂಖ್ಯೆ, ಎಪಿಕ್ ಸಂಖ್ಯೆ (ಅಂದರೆ ವೋಟರ್ ಕಾರ್ಡಿನ ಸಂಖ್ಯೆ), ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು. ಹೆಸರು ತೆಗೆದಾಗ ಚೌಕವನ್ನು ಖಾಲಿ ಬಿಡುವುದಿಲ್ಲ. ಅದರ ಮೇಲೆ ಓರೆಯಾಗಿ ಮುದ್ರೆ ಬೀಳುತ್ತದೆ, ಕ್ರಮ ಸಂಖ್ಯೆಯ ಪಕ್ಕದಲ್ಲಿ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. ‘ಇ’ ಎಂದರೆ ಮೃತಪಟ್ಟವರು, ‘ಎಸ್’ ಎಂದರೆ ವಾಸ ಬದಲಿಸಿದವರು, ‘ಆರ್’ ಎಂದರೆ ಎರಡು ಕಡೆ ಇರುವವರು, ‘ಎಂ’ ಎಂದರೆ ಸಿಗದವರು, ‘ಕ್ಯೂ’ ಎಂದರೆ ಅನರ್ಹರು. ಪಟ್ಟಿಯ ಕೊನೆಯಲ್ಲಿರುವ ಪುರವಣಿಯಲ್ಲಿ ಸೇರ್ಪಡೆ, ತೆಗೆದುಹಾಕಿದ್ದು, ತಿದ್ದುಪಡಿ ಎಂದು ಮೂರು ಭಾಗ ಇರುತ್ತವೆ. ಎರಡನೆಯ ಭಾಗದಲ್ಲಿಯೂ ನಿಮ್ಮ ತಾಯಿಯವರ ಹೆಸರು ಇರಬೇಕು. ಆ ಪುಟಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಕಾಗದಕ್ಕೂ ಕ್ಷೇತ್ರದ ಸಂಖ್ಯೆ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬೇಕಾಗುತ್ತವೆ.

ಈ ಅಕ್ಷರ ಗೊತ್ತಿರುವುದು ದೊಡ್ಡ ಅನುಕೂಲ. ‘ಇ’ ಇದ್ದಿದ್ದರೆ ಬದುಕಿದ್ದೇನೆ ಎಂದು ತೋರಿಸಬೇಕಿತ್ತು, ‘ಆರ್’ ಇದ್ದಿದ್ದರೆ ಇನ್ನೊಂದು ಹೆಸರು ಎಲ್ಲಿದೆ ಎಂದು ಹುಡುಕಬೇಕಿತ್ತು. ‘ಎಸ್’ ಬಂದಿದೆ ಎಂದರೆ ನಿಮ್ಮ ತಾಯಿ ಊರು ಬಿಟ್ಟು ಹೋಗಿದ್ದಾರೆ ಎಂದು ಯಾರೋ ಬರೆದುಕೊಟ್ಟಿದ್ದಾರೆ, ಅದನ್ನು ಅಧಿಕಾರಿಯೊಬ್ಬರು ಒಪ್ಪಿದ್ದಾರೆ. ಇದನ್ನು ಒಡೆಯುವುದು ಸುಲಭ, ಏಕೆಂದರೆ ಅದು ಸತ್ಯವಲ್ಲ.

(ಪಟ್ಟಿಯಲ್ಲಿ ಮುದ್ರೆಯೂ ಇಲ್ಲದೆ ಹೆಸರೂ ಕಾಣದಿದ್ದರೆ ಗಾಬರಿಯಾಗುವ ಮೊದಲು ಪಕ್ಕದ ಬೂತಿನ ಪಟ್ಟಿ ನೋಡಬೇಕು. ಒಂದು ಮತಗಟ್ಟೆಗೆ 1,500 ಮತದಾರರು ಎಂಬ ಮಿತಿಯನ್ನು ಚುನಾವಣಾ ಆಯೋಗ 2025ರಲ್ಲಿ 1,200ಕ್ಕೆ ಇಳಿಸಿದೆ. ಬೂತುಗಳನ್ನು ಒಡೆದಾಗ ಒಂದೇ ಓಣಿಯ ಮನೆಗಳು ಬೇರೆ ಬೇರೆ ಭಾಗಗಳಿಗೆ ಹೋಗುತ್ತವೆ. ಆನ್‌ಲೈನ್‌ನಲ್ಲಿ ಹುಡುಕುವಾಗಲೂ ಹೆಸರು ಹೊಡೆಯಬೇಡಿ, ಕಾರ್ಡಿನ ಮೇಲಿರುವ ಎಪಿಕ್ ಸಂಖ್ಯೆ ಹೊಡೆಯಿರಿ. ‘ಸಿದ್ದಮ್ಮ’ ಎಂಬ ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಬಗೆಯಲ್ಲಿ ಬರೆದಿರುತ್ತಾರೆ.)

ಯಾರು ತೆಗೆಯುತ್ತಾರೆ

ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ತೆಗೆದರು ಎಂದು ಊರಲ್ಲಿ ಹೇಳುವುದುಂಟು. ಅವರಿಗೆ ಆ ಅಧಿಕಾರವೇ ಇಲ್ಲ. ಹೆಚ್ಚಾಗಿ ಶಾಲಾ ಶಿಕ್ಷಕರು ಅಥವಾ ಅಂಗನವಾಡಿ ಕಾರ್ಯಕರ್ತೆಯರು ತಮ್ಮ ಮೂಲ ಕೆಲಸದ ಜೊತೆಗೆ ಈ ಹೊಣೆ ಹೊರುತ್ತಾರೆ. ಮನೆಗೆ ಬಂದು ನೋಡಿ ವರದಿ ಕೊಡುವುದಷ್ಟೇ ಅವರ ಕೆಲಸ. ಆದೇಶ ಮಾಡುವವರು ಮತದಾರರ ನೋಂದಣಾಧಿಕಾರಿ. ನಮ್ಮ ಹಳ್ಳಿಗಾಡಿನ ಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ, ಅಂದರೆ ಎಸಿ ಸಾಹೇಬರು. ಅವರ ಕೈಕೆಳಗೆ ತಹಶೀಲ್ದಾರರು ಸಹಾಯಕ ನೋಂದಣಾಧಿಕಾರಿ. ಬಿಎಲ್‌ಒ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಅವರು ಊರಿನವರೇ, ನಿಮ್ಮ ತಾಯಿ ಊರಲ್ಲೇ ಇದ್ದಾರೆ ಎಂದು ಹೇಳಬಲ್ಲ ಮೊದಲ ಸಾಕ್ಷಿ ಅವರೇ ಆಗಬಹುದು.

ಹೆಸರು ತೆಗೆಯುವ ಪ್ರಕ್ರಿಯೆ ಎರಡು ದಾರಿಯಲ್ಲಿ ಶುರುವಾಗುತ್ತದೆ. ಒಂದು, ಅಧಿಕಾರಿಗಳು ತಾವಾಗಿಯೇ ಮಾಡುವುದು: ಪರಿಷ್ಕರಣೆಯ ಕಾಲದಲ್ಲಿ ಬಿಎಲ್‌ಒ ಮನೆ ಮನೆ ಸುತ್ತುವಾಗ ಬೀಗ ಕಂಡು, ಪಕ್ಕದ ಮನೆಯವರು ‘ಮಗಳ ಊರಿಗೆ ಹೋಗ್ಯಾರ’ ಎಂದರೆ ಅದು ಪಟ್ಟಿಯಲ್ಲಿ ‘ವಾಸ ಬದಲು’ ಆಗಿಬಿಡುತ್ತದೆ. ನಿಮ್ಮ ತಾಯಿಯವರ ವಿಷಯದಲ್ಲಿ ಇದೇ ಆಗಿರುವ ಸಾಧ್ಯತೆ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು, ನಮೂನೆ-7. ಅದೇ ಕ್ಷೇತ್ರದ ಮತದಾರರೊಬ್ಬರು ಇನ್ನೊಬ್ಬರ ಹೆಸರಿಗೆ ಆಕ್ಷೇಪ ಎತ್ತಿ ಕೊಡುವ ಅರ್ಜಿ ಅದು. ಕೊಡುವವರ ಹೆಸರು, ಎಪಿಕ್ ಸಂಖ್ಯೆ, ಕಾರಣ ಎಲ್ಲ ಅದರಲ್ಲಿರಬೇಕು. ಸುಳ್ಳು ಎಂದು ಗೊತ್ತಿದ್ದೂ ಕೊಟ್ಟರೆ 1950ರ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆ, ದಂಡ ಅಥವಾ ಎರಡೂ.

ನಮೂನೆ-7 ಹೇಗೆ ದುರ್ಬಳಕೆಯಾಗುತ್ತದೆ ಎಂಬುದಕ್ಕೆ ನಿಮ್ಮದೇ ಜಿಲ್ಲೆಯ ಆಳಂದ ಸಾಕ್ಷಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ 6,018 ನಮೂನೆ-7 ಅರ್ಜಿಗಳು ಬಂದವು. ಮನೆ ಮನೆಗೆ ಹೋಗಿ ನೋಡಿದಾಗ ಸರಿಯಾಗಿದ್ದವು 24 ಮಾತ್ರ, ಉಳಿದ 5,994 ಸುಳ್ಳು. ಅರ್ಜಿದಾರರೆಂದು ಯಾರ ಹೆಸರು ಹಾಕಿತ್ತೋ ಅವರಿಗೇ ವಿಷಯ ಗೊತ್ತಿರಲಿಲ್ಲ. ಒಬ್ಬ ಬಿಎಲ್‌ಒ ತಮ್ಮದೇ ಸಂಬಂಧಿಕರೊಬ್ಬರ ಹೆಸರು ತೆಗೆಯಲು ಬಂದ ಅರ್ಜಿ ನೋಡಿ ಸಂಶಯಪಟ್ಟ ಮೇಲೆ ಇದು ಹೊರಬಿತ್ತು. 2023ರ ಫೆಬ್ರುವರಿಯಲ್ಲಿ ಎಫ್‌ಐಆರ್ ಆಯಿತು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅದರ ಬೆನ್ನಿಗೆ ಆನ್‌ಲೈನ್ ಅರ್ಜಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಮೂಲಕ ಇ-ಸಹಿ ಮಾಡುವ ವ್ಯವಸ್ಥೆಯೂ ಬಂತು. ಆಳಂದದಲ್ಲಿ ಆ 5,994 ಹೆಸರು ಉಳಿದದ್ದು ಬಿಎಲ್‌ಒಗಳು ಬಾಗಿಲಿಗೆ ಹೋಗಿ ಕೇಳಿದ್ದರಿಂದ. ಕೇಳದ ಕಡೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಪತ್ರವೇ ಉದಾಹರಣೆ.

ಪಟ್ಟಿ ಶುದ್ಧ ಮಾಡುವುದು ತಪ್ಪೇನಲ್ಲ, ಮಾಡಲೇಬೇಕು. ಸತ್ತವರ ಹೆಸರು ಹಾಗೇ ಉಳಿದರೆ ಅದರ ಮೇಲೆ ಇನ್ಯಾರೋ ಮತ ಹಾಕುತ್ತಾರೆ. ತಕರಾರು ಇರುವುದು ಕೇಳದೆ ತೆಗೆಯುವುದರ ಬಗ್ಗೆ.

ನೋಟಿಸ್ ಇಲ್ಲದೆ ತೆಗೆಯಬಹುದೇ?

ತೆಗೆಯುವಂತಿಲ್ಲ. 1950ರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಈ ಕ್ಷೇತ್ರದಲ್ಲಿ ವಾಸವಿಲ್ಲ ಎಂದೋ ಇನ್ನಾವುದೋ ಕಾರಣಕ್ಕೆ ಅರ್ಹರಲ್ಲ ಎಂದೋ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಗೆ ತನ್ನ ಮಾತು ಹೇಳಲು ಅವಕಾಶ ಕೊಡಬೇಕು. ಸಾವಿನ ಕಾರಣಕ್ಕೆ ತೆಗೆಯುವಾಗ ಮಾತ್ರ ಈ ಷರತ್ತು ಅನ್ವಯಿಸುವುದಿಲ್ಲ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಈಗಾಗಲೇ ಪಟ್ಟಿಯಲ್ಲಿರುವ ಹೆಸರು ಕ್ರಮಬದ್ಧವಾಗಿಯೇ ಸೇರಿದೆ ಎಂದು ಭಾವಿಸಬೇಕು, ಸಂಶಯವಿದ್ದರೆ ಕಾರಣ ತಿಳಿಸಿ ನೋಟಿಸ್ ಕೊಡಬೇಕು, ವ್ಯಕ್ತಿ ಕೊಡುವ ದಾಖಲೆಗಳನ್ನು ನೋಡಿ ತೀರ್ಮಾನಿಸಬೇಕು ಎಂಬುದು ಅದರ ಸಾರ.

2025ರಲ್ಲಿ ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ನಡೆದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗಿದ್ದವು. ಯಾರದ್ದು, ಏಕೆ ಎಂದು ಮೊದಲು ಹೇಳಿರಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಹೆಸರುಗಳನ್ನು ಕಾರಣ ಸಮೇತ, ಎಪಿಕ್ ಸಂಖ್ಯೆಯಿಂದ ಹುಡುಕಲು ಬರುವಂತೆ ಪ್ರಕಟಿಸಲು ಹೇಳಿತು. ಹೆಸರು ಏಕೆ ಹೋಯಿತು ಎಂದು ಕೇಳುವುದು ಯಾರೋ ದಯೆಯಿಂದ ಉತ್ತರಿಸಬೇಕಾದ ವಿಷಯವಲ್ಲ ಎಂಬುದನ್ನು ಕಚೇರಿಯ ಮೆಟ್ಟಿಲು ಹತ್ತುವಾಗ ನೆನಪಿಟ್ಟುಕೊಳ್ಳಿ.

ಇನ್ನೆರಡು ತಪ್ಪು ನಂಬಿಕೆಗಳು ನಿಮ್ಮ ಊರಲ್ಲೂ ಇರಬಹುದು. ಎರಡು ಚುನಾವಣೆಗೆ ಮತ ಹಾಕದಿದ್ದರೆ ಹೆಸರು ತಾನಾಗಿ ಹೋಗುತ್ತದೆ ಎನ್ನುವುದು ಸುಳ್ಳು. ಆಧಾರ್ ಜೋಡಿಸದಿದ್ದರೆ ಹೋಗುತ್ತದೆ ಎನ್ನುವುದೂ ಸುಳ್ಳು. ಆಧಾರ್ ಸಂಖ್ಯೆ ಕೊಡುವ ನಮೂನೆ-6ಬಿ ಕಡ್ಡಾಯವಲ್ಲ ಎಂದು ಆಯೋಗ 2023ರಲ್ಲಿ ಸುಪ್ರೀಂ ಕೋರ್ಟಿಗೇ ಹೇಳಿದೆ.

ಈಗ ತಾಯಿಯವರಿಗಾಗಿ ಏನು ಮಾಡಬೇಕು

ಮೂರು ದಾರಿಗಳಿವೆ. ನನ್ನ ಸಲಹೆ, ಎರಡನ್ನು ಒಟ್ಟಿಗೆ ಹಿಡಿಯಿರಿ.

ಬಿಎಲ್‌ಒ ಬಳಿ ಬಾಯಿಮಾತಿನಲ್ಲಿ ಹೇಳಿ, ‘ಆಯಿತು, ಸೇರಿಸ್ತೀನಿ’ ಎಂಬ ಭರವಸೆ ಪಡೆದು ಬರುವುದು ಎಲ್ಲರೂ ಹಿಡಿಯುವ ದಾರಿ. ಇದರಿಂದ ಆಗುವ ನಷ್ಟ ಮತದಾನದ ದಿನ ಗೊತ್ತಾಗುತ್ತದೆ. ಹೋಗಿ ಹೇಳಿ, ಆದರೆ ಅದನ್ನೇ ನಂಬಬೇಡಿ.

ಎರಡನೆಯದು ನಮೂನೆ-6, ಹೊಸದಾಗಿ ಹೆಸರು ಸೇರಿಸುವ ಅರ್ಜಿ. ನಿಮ್ಮ ತಾಯಿಯವರ ಹೆಸರು ನಿಜವಾಗಿಯೇ ತೆಗೆದುಹಾಕಲಾಗಿರುವುದರಿಂದ ಅವರು ಇದನ್ನು ಕೊಡಬಹುದು, ಬೇಗ ಫಲ ಕೊಡುವುದೂ ಇದೇ. ಇತ್ತೀಚಿನ ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಲಗತ್ತಿಸಿ, ಹಳೆಯ ಕಾರ್ಡಿನ ಪ್ರತಿಯನ್ನೂ ಇಡಿ. ಹೆಸರಿನ ಕಾಗುಣಿತ ಹಳೆಯ ಪಟ್ಟಿಯಲ್ಲಿದ್ದಂತೆಯೇ ಇರಲಿ. ಫಾರಂನ ಕೆಳಗಿನ ಸ್ವೀಕೃತಿ ಚೀಟಿಯನ್ನು ಹರಿದು, ಸಹಿ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸೈಬರ್ ಸೆಂಟರಿನಲ್ಲಿ ಹಾಕಿಸಿದರೆ ಅವರ ಮೊಬೈಲ್ ನಂಬರ್ ಕೊಡಲು ಬಿಡಬೇಡಿ, ನಿಮ್ಮದನ್ನೇ ಕೊಡಿ. ಮುಂದಿನ ಸಂದೇಶಗಳೆಲ್ಲ ಆ ನಂಬರಿಗೇ ಬರುತ್ತವೆ. ಅರ್ಜಿಗೆ ಶುಲ್ಕವಿಲ್ಲ. ಈ ದಾರಿಯ ಕೊರತೆ ಏನೆಂದರೆ, ಹೆಸರು ತಪ್ಪಾಗಿ ತೆಗೆದದ್ದನ್ನು ಯಾರೂ ಪ್ರಶ್ನಿಸಿದಂತೆ ಆಗುವುದಿಲ್ಲ. ಅದೇ ನೆರೆಯವರ ಮಾತಿನ ಮೇಲೆ ಮುಂದಿನ ವರ್ಷ ಮತ್ತೆ ‘ಎಸ್’ ಬೀಳಬಹುದು.

ಅದಕ್ಕೇ ಮೂರನೆಯದೂ ಬೇಕು: ದಾಖಲೆ ಕೇಳುವುದು ಮತ್ತು ಮೇಲ್ಮನವಿ. 1960ರ ಮತದಾರರ ನೋಂದಣಿ ನಿಯಮಗಳ 33ನೇ ನಿಯಮ ನೋಂದಣಾಧಿಕಾರಿ ಕಚೇರಿಯಲ್ಲಿರುವ ಪಟ್ಟಿಯ ಕಾಗದಪತ್ರಗಳನ್ನು ನೋಡುವ, ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನ ಹಿಡಿಯುತ್ತದೆ, ಚುನಾವಣೆ ಹತ್ತಿರವಿದ್ದಾಗ ಅಷ್ಟು ಕಾಯುವಂತಿಲ್ಲ. ತಾಯಿಯವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ನೋಂದಣಾಧಿಕಾರಿಗೆ ಹೀಗೊಂದು ಪತ್ರ ಕೊಡಿ:

“ನನ್ನ ಹೆಸರು … ವಿಧಾನಸಭಾ ಕ್ಷೇತ್ರದ ಭಾಗ ಸಂಖ್ಯೆ …, ಕ್ರಮ ಸಂಖ್ಯೆ …ರಲ್ಲಿತ್ತು. ಎಪಿಕ್ ಸಂಖ್ಯೆ …. ವಾಸ ಬದಲಾಗಿದೆ ಎಂದು ತೋರಿಸಿ ಅದನ್ನು ತೆಗೆದಿರುವುದು ಇಂಥ ದಿನಾಂಕದಂದು ನನಗೆ ತಿಳಿಯಿತು. ನಾನು ಊರು ಬಿಟ್ಟಿಲ್ಲ. ಕಣ್ಣಿನ ಚಿಕಿತ್ಸೆಗಾಗಿ … ತಿಂಗಳಿನಿಂದ … ತಿಂಗಳವರೆಗೆ ಮಗಳ ಮನೆಯಲ್ಲಿದ್ದೆ. ಹೆಸರು ತೆಗೆಯುವ ಮೊದಲು ನನಗೆ ನೋಟಿಸ್ ತಲುಪಿಲ್ಲ, ವಿಚಾರಣೆಗೆ ಕರೆದಿಲ್ಲ. ಈ ಸಂಬಂಧದ ನಮೂನೆ-7 ಇದ್ದರೆ ಅದರ ಪ್ರತಿ, ಬಿಎಲ್‌ಒ ವರದಿ, ನೋಟಿಸ್ ತಲುಪಿಸಿದ ದಾಖಲೆ ಮತ್ತು ತಮ್ಮ ಆದೇಶದ ದೃಢೀಕೃತ ಪ್ರತಿಗಳನ್ನು 33ನೇ ನಿಯಮದಂತೆ ಕೊಡಬೇಕೆಂದು ಕೋರುತ್ತೇನೆ.”

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕದ ಮೊಹರು, ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಪಡಿತರ ಚೀಟಿ, ವೃದ್ಧಾಪ್ಯ ವೇತನ ಊರಿನ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಜಮಾ ಆಗುತ್ತಿದ್ದರೆ ಆ ಪಾಸ್‌ಬುಕ್, ಇವೆಲ್ಲ ಊರಲ್ಲೇ ವಾಸ ಎನ್ನಲು ಬಲವಾದ ಆಧಾರ. ಪಾಸ್‌ಬುಕ್‌ನ ಸಾಲುಗಳನ್ನು ಯಾರೂ ಅಲ್ಲಗಳೆಯಲಾರರು.

ನೋಂದಣಾಧಿಕಾರಿಯ ಆದೇಶದ ವಿರುದ್ಧ 24ನೇ ಸೆಕ್ಷನ್ ಪ್ರಕಾರ ಮೊದಲ ಮೇಲ್ಮನವಿ ಜಿಲ್ಲಾಧಿಕಾರಿಗೆ, ಆದೇಶದ 15 ದಿನಗಳೊಳಗೆ. ಅವರ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಆದೇಶವೇ ಕೈಗೆ ಬಂದಿಲ್ಲವಾದ್ದರಿಂದ ನಿಮ್ಮ ವಿಷಯದಲ್ಲಿ 15 ದಿನ ಆಗಲೇ ದಾಟಿರಬಹುದು. ನೋಟಿಸ್ ಬರಲಿಲ್ಲ, ಇಂಥ ದಿನ ತಿಳಿಯಿತು ಎಂದು ಬರೆದು ತಡವಾದದ್ದನ್ನು ಮನ್ನಿಸಲು ಕೇಳಿ. ಇಲ್ಲಿಯ ಅಪಾಯ ಕಾಲದ್ದು. ಮೇಲ್ಮನವಿ ತೀರ್ಮಾನವಾಗುವ ಹೊತ್ತಿಗೆ ನಾಮಪತ್ರದ ದಿನ ಮುಗಿದುಹೋದರೆ ಈ ಚುನಾವಣೆಗೆ ಉಪಯೋಗವಿಲ್ಲ. ಅದಕ್ಕಾಗಿಯೇ ನಮೂನೆ-6 ಇವತ್ತೇ, ದಾಖಲೆಯ ಪತ್ರವೂ ಇವತ್ತೇ ಎನ್ನುತ್ತೇನೆ. ಹೈಕೋರ್ಟಿಗೆ ಹೋಗುವ ದಾರಿಯೂ ಇದೆ, ಆದರೆ ಅಧಿಸೂಚನೆ ಹೊರಟ ಮೇಲೆ ನ್ಯಾಯಾಲಯಗಳು ಚುನಾವಣೆಯ ಪ್ರಕ್ರಿಯೆಯಲ್ಲಿ ಕೈ ಹಾಕಲು ಹಿಂಜರಿಯುತ್ತವೆ. ಇಡೀ ಓಣಿಯ ಹೆಸರುಗಳು ಹೋಗಿದ್ದರೆ ಆ ಯೋಚನೆ ಮಾಡಬಹುದು.

ಅರ್ಜಿ ಕೊಟ್ಟು ಹತ್ತು ದಿನವಾದರೂ ಬಿಎಲ್‌ಒ ಮನೆಗೆ ಬರದಿದ್ದರೆ 1950 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಅವರು ಬರುವ ದಿನ ತಾಯಿ ಮನೆಯಲ್ಲಿರಲಿ. ‘ಮನೆಯಲ್ಲಿಲ್ಲ’ ಎಂಬ ಇನ್ನೊಂದು ವರದಿ ಆದರೆ ಹೊಸ ಅರ್ಜಿಯೂ ತಿರಸ್ಕೃತವಾಗುತ್ತದೆ. ಬಂದವರು ಬಿಎಲ್‌ಒ ಹೌದೇ ಎಂದು ಫೋಟೊ ಇರುವ ಗುರುತಿನ ಚೀಟಿ ಕೇಳಲು ಸಂಕೋಚ ಬೇಡ. 2022ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯ ಜನ ಬಿಎಲ್‌ಒ ಎಂದು ಹೇಳಿಕೊಂಡು ಮನೆ ಮನೆಯ ಮಾಹಿತಿ ಸಂಗ್ರಹಿಸಿದ್ದು ಹೊರಬಿದ್ದ ಮೇಲೆ ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮರುಪರಿಶೀಲಿಸಲು ಹೇಳಬೇಕಾಯಿತು.

ತಮ್ಮನ ಮನೆಯವರು

ಇವರದ್ದು ಹೆಚ್ಚು ಸೂಕ್ಷ್ಮ. ಕಾನೂನು ಕೇಳುವುದು ಸ್ವಂತ ಮನೆ ಎಲ್ಲಿದೆ ಎಂದಲ್ಲ, ‘ಸಾಮಾನ್ಯ ನಿವಾಸಿ’ ಎಲ್ಲಿಯವರು ಎಂದು. ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ನಿವಾಸಿಯಾಗುವುದಿಲ್ಲ, ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಕಾರಣಕ್ಕೆ ನಿವಾಸ ತಪ್ಪುವುದೂ ಇಲ್ಲ. 20ನೇ ಸೆಕ್ಷನ್ ಈ ಎರಡನ್ನೂ ಹೇಳುತ್ತದೆ. ತಮ್ಮನ ಮಕ್ಕಳು ಊರ ಶಾಲೆಯಲ್ಲೇ ಓದುತ್ತಿದ್ದು, ಪಡಿತರ ಇಲ್ಲೇ ಇದ್ದು, ಬಿತ್ತನೆಗೂ ಯುಗಾದಿಗೂ ಬಂದು ನಿಲ್ಲುವುದು ಇದೇ ಮನೆಯಲ್ಲಾದರೆ ಅವರ ಹೆಸರು ಊರಲ್ಲೇ ಇರಬಹುದು. ಮಕ್ಕಳ ಸಮೇತ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿ ವರ್ಷಗಳಾಗಿದ್ದರೆ ಅಲ್ಲಿಗೆ ಬದಲಿಸುವುದೇ ಸರಿ. ಬದಲಿಸಲು ನಮೂನೆ-8.

ನಮೂನೆ-6 ಹಾಕಿ ಎಂದವರ ಮಾತು ಮಾತ್ರ ಕೇಳಬೇಡಿ. ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರುವಂತಿಲ್ಲ. ನನ್ನ ಹೆಸರು ಬೇರೆಲ್ಲೂ ಇಲ್ಲ ಎಂದು ನಮೂನೆ-6ರಲ್ಲಿ ಸಹಿ ಹಾಕಬೇಕು. ಇರುವಾಗ ಹಾಕಿದರೆ ಅದು ಸುಳ್ಳು ಘೋಷಣೆ. ಜೊತೆಗೆ ಹೆಸರು, ತಂದೆಯ ಹೆಸರು, ವಯಸ್ಸು, ಫೋಟೊ ಹೋಲುವ ನಮೂದುಗಳನ್ನು ಸಾಫ್ಟ್‌ವೇರ್ ಹೆಕ್ಕುತ್ತದೆ. ಸೇಫ್ ಇರಲಿ ಎಂದು ಮಾಡಿಕೊಂಡ ಎರಡನೆಯ ಹೆಸರೇ ಮೊದಲನೆಯದಕ್ಕೆ ‘ಆರ್’ ತರಿಸುತ್ತದೆ.

ನಮೂನೆ-8ರಲ್ಲೂ ಒಂದು ಇಕ್ಕಟ್ಟು ಇದೆ. ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ವಿಳಾಸದ ಕಾಗದ ಇರುವುದಿಲ್ಲ. ಬಿಎಲ್‌ಒ ಬರುವಷ್ಟರಲ್ಲಿ ಕೆಲಸ ಮುಗಿದು ಇನ್ನೊಂದು ಸೈಟಿಗೆ ಹೋಗಿರುತ್ತಾರೆ. ಅರ್ಜಿ ತಿರಸ್ಕೃತವಾಗುತ್ತದೆ, ಆದರೆ ‘ನಾನು ವಾಸ ಬದಲಿಸಿದ್ದೇನೆ’ ಎಂದು ತಮ್ಮನೇ ಸಹಿ ಹಾಕಿದ ಕಾಗದ ದಾಖಲೆಯಲ್ಲಿ ಉಳಿಯುತ್ತದೆ. ಅಲ್ಲಿಯೂ ಇಲ್ಲ, ಇಲ್ಲಿಯೂ ಅನುಮಾನ. ಸೂರಿಲ್ಲದವರಿಗೆ ವಿಳಾಸದ ದಾಖಲೆ ಬೇಕಿಲ್ಲ, ಅವರು ಹೇಳಿದ ಜಾಗದಲ್ಲಿ ಮಲಗುತ್ತಾರೆಯೇ ಎಂದು ಬಿಎಲ್‌ಒ ರಾತ್ರಿ ಹೋಗಿ ನೋಡಬೇಕು ಎಂಬ ಸೂಚನೆ ಇದೆ. ಆದರೂ ಆರು ತಿಂಗಳಿಗೊಮ್ಮೆ ಶೆಡ್ ಬದಲಿಸುವವರಿಗೆ ಊರಿನ ಹೆಸರನ್ನೇ ಭದ್ರ ಮಾಡಿಕೊಳ್ಳುವುದು ವಾಸಿ ಎಂದು ನನ್ನ ಅಭಿಪ್ರಾಯ.

ಭದ್ರ ಮಾಡುವುದೆಂದರೆ ಇಷ್ಟೇ. ಗುಳೆ ಹೋಗುವ ಮುನ್ನ ನಿಮ್ಮ ತಮ್ಮ ಊರಿನ ಬಿಎಲ್‌ಒಗೆ ತನ್ನ ಮತ್ತು ಹೆಂಡತಿಯ ಮೊಬೈಲ್ ಸಂಖ್ಯೆ ಕೊಟ್ಟು ಹೋಗಲಿ. ಮನೆಯಲ್ಲಿ ಉಳಿಯುವವರಿಗೆ, ಅಂದರೆ ನಿಮ್ಮ ತಾಯಿಗೆ ಮತ್ತು ಪಕ್ಕದ ಮನೆಯವರಿಗೆ, ಯಾರಾದರೂ ಕೇಳಿದರೆ ‘ದುಡಿಯಾಕ ಹೋಗ್ಯಾರ, ಬರ್ತಾರ’ ಎಂದು ಹೇಳಲು ತಿಳಿಸಿ. ‘ಇಲ್ಲ, ಹೋಗ್ಯಾರ’ ಎಂಬ ಎರಡೇ ಪದದಿಂದ ಹೆಸರು ಹೋದದ್ದುಂಟು. ಪಟ್ಟಿ ಪರಿಷ್ಕರಣೆಯ ಕಾಲದಲ್ಲಿ ಮನೆಗೆ ಬರುವ ಫಾರಂ ತುಂಬದೆ ಬಿಟ್ಟರೆ ಕರಡು ಪಟ್ಟಿಯಲ್ಲೇ ಹೆಸರು ಕಾಣದಿರಬಹುದು. ಆ ದಿನಗಳಲ್ಲಿ ಊರಿಂದ ಫೋನ್ ಮಾಡಿ ಕೇಳುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊರಬೇಕು.

ಊರಿನ ಯುವಕರು ಮಾಡಬಹುದಾದ ಇನ್ನೊಂದು ಕೆಲಸವಿದೆ, ಬಹಳ ಕಡೆ ಯಾರೂ ಮಾಡುವುದಿಲ್ಲ. ನಮೂನೆ-7ರಲ್ಲಿ ಬಂದ ಅರ್ಜಿಗಳ ಪಟ್ಟಿಯನ್ನು ನಮೂನೆ-10 ಎಂದು ನೋಂದಣಾಧಿಕಾರಿ ಪ್ರಕಟಿಸುತ್ತಾರೆ. ಕಚೇರಿಯ ಫಲಕದಲ್ಲೂ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಅದು ಸಿಗುತ್ತದೆ. ಯಾರ ಹೆಸರಿನ ಮೇಲೆ ಯಾರು ಆಕ್ಷೇಪ ಎತ್ತಿದ್ದಾರೆ ಎಂಬುದು ಅದರಲ್ಲಿ ಇರುತ್ತದೆ. ಪ್ರತಿ ಸೋಮವಾರ ಒಬ್ಬರು ಅದನ್ನು ತೆರೆದು ನಿಮ್ಮ ಭಾಗ ಸಂಖ್ಯೆ ನೋಡಿದರೆ ಹೆಸರು ಹೋಗುವ ಮೊದಲೇ ಏಳು ದಿನದ ಅವಧಿಯಲ್ಲಿ ಉತ್ತರ ಕೊಡಬಹುದು. ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಐದಾರಕ್ಕಿಂತ ಹೆಚ್ಚು ಆಕ್ಷೇಪಗಳು ಕಂಡರೆ ಆ ವ್ಯಕ್ತಿಯನ್ನೇ ಹೋಗಿ ಕೇಳಿ. ಆಳಂದದಂತೆ ಅವರಿಗೆ ಗೊತ್ತೇ ಇಲ್ಲದಿರಬಹುದು. ಆಗ ಅವರಿಂದಲೇ ‘ಈ ಅರ್ಜಿ ನಾನು ಕೊಟ್ಟಿಲ್ಲ’ ಎಂದು ಬರೆಸಿ ನೋಂದಣಾಧಿಕಾರಿಗೆ ಕೊಡಿಸಿ.

ಮತದಾನದ ದಿನಕ್ಕೆ

ಹೆಸರು ಸೇರಿದೆ ಎಂದು ಮೊಬೈಲ್‌ಗೆ ಸಂದೇಶ ಬಂದರೂ ಪುರವಣಿಯ ಮುದ್ರಿತ ಪುಟದಲ್ಲಿ ಹೊಸ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿ ಬರೆದಿಟ್ಟುಕೊಳ್ಳಿ. ಮನೆಗೆ ಬರುವ ಮತದಾರರ ಚೀಟಿ 2019ರಿಂದ ಗುರುತಿನ ದಾಖಲೆಯಲ್ಲ. ವೋಟರ್ ಕಾರ್ಡ್ ಇಲ್ಲದಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್, ಪ್ಯಾನ್, ಚಾಲನಾ ಪರವಾನಗಿಯಂಥ ಯಾವುದಾದರೊಂದು ಒಯ್ಯಬೇಕು.

ಇನ್ನೊಂದು ಪಟ್ಟಿಯ ಬಗ್ಗೆ ತಮ್ಮನಿಗೆ ಹೇಳಿಡಿ. ಊರಲ್ಲಿಲ್ಲದವರು, ವಾಸ ಬದಲಿಸಿದವರು, ಮೃತರು ಎಂದು ಬಿಎಲ್‌ಒ ಗುರುತಿಸಿದ ಹೆಸರುಗಳ ಪ್ರತ್ಯೇಕ ಪಟ್ಟಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಮೇಜಿನ ಮೇಲೆ ಇರುತ್ತದೆ. ತಮ್ಮನ ಹೆಸರು ಅದರಲ್ಲಿ ಇದ್ದರೆ ಪಕ್ಷದ ಏಜೆಂಟ್ ‘ಇವರದ್ದು ಬರಲ್ಲ’ ಎಂದು ಹೇಳಬಹುದು. ಅದನ್ನು ನಂಬಿ ಹಿಂದಿರುಗಬಾರದು. ಅದು ತೆಗೆದ ಹೆಸರುಗಳ ಪಟ್ಟಿಯಲ್ಲ. ಮೂಲ ಪಟ್ಟಿಯಲ್ಲಿ ಹೆಸರಿದ್ದು ಗುರುತಿನ ದಾಖಲೆ ತೋರಿಸಿದರೆ, ಅಧ್ಯಕ್ಷಾಧಿಕಾರಿ ಹೆಚ್ಚು ಎಚ್ಚರಿಕೆಯಿಂದ ಪರಿಶೀಲಿಸಿ, ಸಹಿಯ ಜೊತೆ ಹೆಬ್ಬೆಟ್ಟನ್ನೂ ತೆಗೆದುಕೊಂಡು ಮತ ಹಾಕಲು ಬಿಡಬೇಕು.

ಬೆಂಗಳೂರಿನಿಂದ ಬರಲು ಮೇಸ್ತ್ರಿ ಬಿಡುವುದಿಲ್ಲ ಎಂಬುದೇ ಕೊನೆಯ ಅಡ್ಡಿಯಾದರೆ, 1951ರ ಕಾಯ್ದೆಯ 135ಬಿ ಸೆಕ್ಷನ್ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎನ್ನುತ್ತದೆ, ದಿನಗೂಲಿಯವರಿಗೂ ಸೇರಿಸಿ. ಆದರೆ ಅದು ಆ ಒಂದು ದಿನಕ್ಕೆ ಮಾತ್ರ, ಬಸ್ಸಿನಲ್ಲಿ ಕಳೆಯುವ ಹಿಂದಿನ ರಾತ್ರಿಗೂ ಮರುದಿನಕ್ಕೂ ಅಲ್ಲ. ಮೇಸ್ತ್ರಿಯ ಜೊತೆ ಈ ಮಾತನ್ನು ದಿನಾಂಕ ಘೋಷಣೆಯಾದ ವಾರವೇ ಆಡಿಕೊಂಡು, ವಾಪಸ್ ಬಸ್ಸಿನ ಸೀಟು ಕಾಯ್ದಿರಿಸಲಿ.

ನಿಮ್ಮ ತಾಯಿಯವರ ಪತ್ರಕ್ಕೆ ನೋಂದಣಾಧಿಕಾರಿಯಿಂದ ಉತ್ತರ ಬಂದರೆ, ಅದರಲ್ಲಿ ಆದೇಶದ ದಿನಾಂಕ ಮತ್ತು ಕಾರಣದ ಸಾಲು ಎರಡನ್ನೂ ನೋಡಿ. ಮೇಲ್ಮನವಿಯ ಲೆಕ್ಕ ಆ ದಿನಾಂಕದಿಂದಲೇ ಶುರುವಾಗುತ್ತದೆ.